ಜಾಗಟೆಯ ಪಾಠ

ಬಾಲ್ಯದಲ್ಲಿ ನಾನು ಅಜ್ಜನ ಕೈ ಹಿಡಿದು ಗಜೇಂದ್ರಗಡದ ಸಮೀಪದ ಕಾಲಕಾಲೇಶ್ವರನ ಗುಡಿಗೆ ಹೋಗುತ್ತಿದ್ದೆ. ಮಂಗಳಾರತಿಯ ಹೊತ್ತಿಗೆ ಜಾಗಟೆ ಬಾರಿಸಬೇಕೆಂಬುದು ನನ್ನ ಆಸೆ. ಒಂದು ದಿನ ಅದು ಕೈಗೆ ಬಂದಾಗ, ಎಲ್ಲಿ ಬಿದ್ದೀತೋ ಎಂದು ಅಂಚನ್ನು ಬಿಗಿಯಾಗಿ ಹಿಡಿದು ಹೊಡೆದೆ. ‘ಠಕ್’ ಎಂಬ ಸತ್ತ ಸದ್ದು ಬಂದಿತು. ಅಜ್ಜ ನಕ್ಕು, “ದಾರಾ ಹಿಡಿ, ತಮ್ಮಾ. ಅಂಚು ಹಿಡಿದರ ಜಾಗಟಿ ಹೆಂಗ ಮಾತಾಡಬೇಕು?” ಎಂದರು. ದಾರ ಹಿಡಿದು ಬಾರಿಸಿದೆ. ನಾದ ಗುಡಿಯನ್ನೆಲ್ಲ ತುಂಬಿತು. ಪೆಟ್ಟು ಅದೇ, ಕಂಚು ಅದೇ. ಹಿಡಿದ ಬಗೆ ಮಾತ್ರ ಬೇರೆ. ಆ ಮಾತಿನ ಆಳ ತಿಳಿಯಲು ನನಗೆ ಬಹಳ ವರ್ಷಗಳು ಬೇಕಾದವು.

ಎಂಜಿನಿಯರಾಗಿ ಊರು ಬಿಟ್ಟ ಮೇಲೆ ಒಮ್ಮೆ ರೋಣದಿಂದ ಕಾಕಾ ದೂರವಾಣಿಯಲ್ಲಿ ಮಾತನಾಡಿದರು. ಅವರದೊಂದು ಹಿಟ್ಟಿನ ಗಿರಣಿ. ಅದರ ಬೆಲ್ಟಿಗೆ ಮರೆಯಾಗಿ ಹಾಕಿದ್ದ ಉಕ್ಕಿನ ತಗಡು ಮೂರನೆಯ ಸಲ ಸೀಳಿತ್ತು. ಈ ಬಾರಿ ಮುರಿದ ತುಂಡು ಜೋಳದ ಚೀಲ ಹೊರುವ ಹುಡುಗನ ಪಕ್ಕದಲ್ಲಿಯೇ ಸಿಡಿದು ಬಿದ್ದಿತ್ತು. “ನೀ ಇಷ್ಟು ಕಲತೀದಿ; ಇದು ಯಾಕ ಮುರಿತೈತಿ, ಅಷ್ಟು ಹೇಳು” ಎಂದರು. ತಗಡಿನ ಅಳತೆಯನ್ನು ಕೇಳಿ ಬರೆದುಕೊಂಡೆ: ದಪ್ಪ 3 ಮಿಲಿಮೀಟರು, ಉದ್ದ 32 ಸೆಂಟಿಮೀಟರು.

ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಕೆಲವು ಕಂಪನಗಳಿವೆ. ಅವು ಸೆಕೆಂಡಿಗೆ ಎಷ್ಟು ಸಲ ನಡೆಯುತ್ತವೆ ಎಂಬುದನ್ನು ಹೊಡೆಯುವವನು ನಿರ್ಧರಿಸುವುದಿಲ್ಲ. ವಸ್ತುವಿನ ಆಕಾರ, ದಪ್ಪ, ಗಡಸುತನ ಮತ್ತು ಅದನ್ನು ಹಿಡಿದ ಬಗೆ ನಿರ್ಧರಿಸುತ್ತವೆ. ಇದೇ ಸ್ವಾಭಾವಿಕ ಆವೃತ್ತಿ. ನಾಗರ ಪಂಚಮಿಯ ಜೋಕಾಲಿಯನ್ನು ನೆನೆಯಿರಿ. ಅದರ ಲಯಕ್ಕೆ ಸರಿಯಾಗಿ ನೂಕಿದರೆ ಸಣ್ಣ ಕೈಯೂ ಅದನ್ನು ಎತ್ತರಕ್ಕೆ ಏರಿಸಬಲ್ಲದು. ಯಂತ್ರದ ಅಲುಗಾಟವು ತಗಡಿನ ಲಯಕ್ಕೆ ಹೀಗೆಯೇ ಕೂಡಿಕೊಂಡರೆ ನಡುಕ ಬೆಳೆಯುತ್ತ ಹೋಗಿ, ಕೊನೆಗೆ ಉಕ್ಕು ದಣಿದು ಸೀಳುತ್ತದೆ. ಇದಕ್ಕೆ ಅನುರಣನವೆಂದು ಹೆಸರು.

ಜರ್ಮನಿಯ ಕ್ಲಾಡ್ನಿ ಎಂಬ ವಿಜ್ಞಾನಿ 1787ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕಂಪನಗಳನ್ನು ಕಣ್ಣಿಗೆ ಕಾಣುವಂತೆ ಮಾಡಿದನು. ತಗಡಿನ ಮೇಲೆ ಮರಳು ಉದುರಿಸಿ, ಅದರ ಅಂಚಿಗೆ ಪಿಟೀಲಿನ ಕಮಾನನ್ನು ತೀಡಿದರೆ, ಮರಳು ನಡುಗುವ ಭಾಗಗಳಿಂದ ಸರಿದು ನಿಶ್ಚಲವಾದ ಗೆರೆಗಳಲ್ಲಿ ನಿಲ್ಲುತ್ತದೆ. ರಂಗೋಲಿಯಂಥ ಆಕೃತಿಗಳು ಮೂಡುತ್ತವೆ. ನಮ್ಮ ಸಿ. ವಿ. ರಾಮನ್ ಅವರೂ ಮೃದಂಗದ ಚರ್ಮದ ಮೇಲೆ ಮರಳು ಉದುರಿಸಿ ಇಂಥ ಗೆರೆಗಳನ್ನು ಪರೀಕ್ಷಿಸಿದರು. ಇಂದು ಮರಳಿನ ಕೆಲಸವನ್ನು ಗಣಕಯಂತ್ರವೂ ಮಾಡಬಲ್ಲದು. ತಂತ್ರಾಂಶವು ತಗಡನ್ನು ಸಾವಿರಾರು ಸಣ್ಣ ಚೌಕಗಳಾಗಿ ವಿಭಾಗಿಸಿ, ಪ್ರತಿಯೊಂದರ ತೂಕವನ್ನೂ ಬಿಗಿತವನ್ನೂ ಬಲೆಯಂತೆ ಹೆಣೆದು, ಇಡೀ ತಗಡಿನ ಆವೃತ್ತಿಗಳನ್ನು ಲೆಕ್ಕಹಾಕುತ್ತದೆ.

ನಾನು ಕಾಕಾನ ತಗಡನ್ನು ಗಣಕಯಂತ್ರದಲ್ಲಿ ರೂಪಿಸಿದೆ. ಮೊದಲ ಸಲ ಆರು ಉತ್ತರಗಳು ಸೊನ್ನೆಯಾಗಿ ಬಂದವು. ತಗಡನ್ನು ಎಲ್ಲಿಯೂ ಬಿಗಿಯದೆ ಬಿಟ್ಟಿದ್ದೆ! ಹಿಡಿತವಿಲ್ಲದ ವಸ್ತು ಮೂರು ದಿಕ್ಕುಗಳಲ್ಲಿ ಸರಿಯಬಲ್ಲದು, ಮೂರು ಬಗೆಯಾಗಿ ತಿರುಗಬಲ್ಲದು. ಆ ಆರು ಚಲನೆಗಳಲ್ಲಿ ಕಂಪನವೇ ಇಲ್ಲ. ತಪ್ಪನ್ನು ತಿದ್ದಿ, ತಗಡಿನ ಎರಡು ತುದಿಗಳನ್ನೂ ಬೋಲ್ಟುಗಳಿಂದ ಬಿಗಿದಂತೆ ಮಾಡಿದೆ. ಮೊದಲ ಆವೃತ್ತಿ ಸೆಕೆಂಡಿಗೆ 150ನ್ನು ಮೀರಿತು. ಗಿರಣಿಯ ಮೋಟಾರು ನಿಮಿಷಕ್ಕೆ 1440 ಸುತ್ತು, ಎಂದರೆ ಸೆಕೆಂಡಿಗೆ 24 ಸುತ್ತು ತಿರುಗುತ್ತದೆ. ಎಲ್ಲಿಯ 24, ಎಲ್ಲಿಯ 150! “ನಡುಕದಿಂದ ಮುರಿದದ್ದಲ್ಲ, ಉಕ್ಕೇ ಕಳಪೆ. ಹೊಸದು ಹಾಕಿಸಿರಿ” ಎಂದು ಧೈರ್ಯವಾಗಿ ಹೇಳಿಬಿಟ್ಟೆ. ಹೊಸ ತಗಡು ಎರಡು ತಿಂಗಳಲ್ಲಿ ಸೀಳಿತು.

ನಾಚಿಕೆಯಿಂದಲೇ ಹುಬ್ಬಳ್ಳಿಯಲ್ಲಿ ಬಸ್ಸು ಹತ್ತಿ, ನರಗುಂದದ ಮಾರ್ಗವಾಗಿ ಎರೆಹೊಲಗಳನ್ನು ದಾಟಿ ರೋಣಕ್ಕೆ ಬಂದೆ. ಗಿರಣಿಯಲ್ಲಿ ತಗಡಿನ ಆಚೆಯ ತುದಿಯನ್ನು ನೋಡಿದೆ. ಅಲ್ಲಿ ಬೋಲ್ಟುಗಳೇ ಇರಲಿಲ್ಲ, ಬರಿಯ ತೂತುಗಳಿದ್ದವು. ಕಾರಣ ಕೇಳಿದೆ. “ಬೆಲ್ಟು ಬದಲಿಸಾಕ ಕೈ ಹೋಗಬೇಕಲ್ಲೋ ತಮ್ಮಾ. ಯಾವಾಗೋ ಬಿಚ್ಚೇವಿ. ನೀ ಕೇಳಲೇ ಇಲ್ಲ” ಎಂದರು ಕಾಕಾ. ನಿಜ. ಉದ್ದ ಕೇಳಿದ್ದೆ, ದಪ್ಪ ಕೇಳಿದ್ದೆ. ಹೇಗೆ ಹಿಡಿದಿದೆ ಎಂದು ಕೇಳಿರಲಿಲ್ಲ. ಒಂದೇ ತುದಿಯ ಹಿಡಿತವಿಟ್ಟು ಮತ್ತೆ ಲೆಕ್ಕ ಮಾಡಿದೆ. ಉತ್ತರ ಸರಿಸುಮಾರು 24! ಮೋಟಾರಿನ ಪ್ರತಿಯೊಂದು ಸುತ್ತೂ ಆ ತಗಡಿನ ಜೋಕಾಲಿಯನ್ನು ನೂಕುತ್ತಿತ್ತು. ಅಜ್ಜನ ಮಾತು ಥಟ್ಟನೆ ನೆನಪಾಯಿತು.

“ಇಮ್ಮಡಿ ದಪ್ಪದ್ದು ಹಾಕೂಣು” ಎಂದರು ಕಾಕಾ. ಆದರೆ ದಪ್ಪ ಇಮ್ಮಡಿಯಾದರೆ ಆವೃತ್ತಿಯೂ ಇಮ್ಮಡಿಯಾಗಿ 48 ಆಗುತ್ತದೆ. ಯಂತ್ರದ ಅಲುಗಾಟದಲ್ಲಿ ಆ ಇಮ್ಮಡಿ ಲಯವೂ ಸ್ವಲ್ಪ ಬೆರೆತಿರುತ್ತದೆ. ಮೂಲೆಯಲ್ಲಿ ಕಾಳು ಕೇರುವ ಮೊರವಿತ್ತು. ತೆಳುವಾದರೂ ಎದ್ದ ಅಂಚಿನಿಂದ ಅದು ಬಾಗದೆ ನಿಲ್ಲುತ್ತದೆ. ಅದರಂತೆಯೇ ತಗಡಿನ ಎರಡು ಬದಿಗಳನ್ನೂ ಮಡಿಸಿದರೆ ಆವೃತ್ತಿ ಐವತ್ತನ್ನು ದಾಟಿ ಬಹಳ ಮೇಲಕ್ಕೆ ಹೋಗುವುದೆಂದು ಲೆಕ್ಕ ತೋರಿಸಿತು. ಊರಿನ ಕುಲುಮೆಯಲ್ಲಿ ಹಾಗೆಯೇ ಮಡಿಸಿ ಕೂರಿಸಿದೆವು. ಗಿರಣಿ ತಿರುಗಿದಾಗ ಕಾಕಾ ಆಚೆಯ ತುದಿಗೆ ಕಿವಿಗೊಟ್ಟು, “ಈಗ ಸುಮ್ಮನಾತು ನೋಡು” ಎಂದರು. ಅದು ಮತ್ತೆ ಮುರಿಯಲಿಲ್ಲ.

ಗಜೇಂದ್ರಗಡದ ಗುಡ್ಡಗಳ ಮೇಲೆ ಈಗ ಗಾಳಿಯಂತ್ರಗಳು ತಿರುಗುತ್ತವೆ. ಮೂರು ರೆಕ್ಕೆಗಳ ಯಂತ್ರ ನಿಮಿಷಕ್ಕೆ 15 ಸುತ್ತು ತಿರುಗಿದರೆ, ಕಂಬದ ಮುಂದೆ ರೆಕ್ಕೆಗಳು 45 ಸಲ ಹಾಯುತ್ತವೆ. ಆ ಲಯಗಳು ಕಂಬದ ಲಯವನ್ನು ಕೂಡದಂತೆ ಎಂಜಿನಿಯರರು ಮೊದಲೇ ಲೆಕ್ಕ ಹಾಕುತ್ತಾರೆ. ಕಂಬದ ಬುಡವನ್ನು ನೆಲ ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದೂ ಆ ಲೆಕ್ಕದಲ್ಲಿ ಸೇರಬೇಕು. ನಾನೀಗ ಯಾವ ವಸ್ತುವಿನ ಲೆಕ್ಕಕ್ಕೆ ಕುಳಿತರೂ, ಮೊದಲು ಅದು ಇರುವ ಸ್ಥಳಕ್ಕೆ ಹೋಗಿ ಅದರ ಎಲ್ಲ ಬೋಲ್ಟುಗಳನ್ನೂ ಕೈಯಾರೆ ಮುಟ್ಟಿ ಬರುತ್ತೇನೆ.