ಹರಿಹರದ ದಂಡು, ಬೆಂಗಳೂರಿನ ಚರ್ಚು

ದಾವಣಗೆರೆ ವಿನೋಬನಗರದ ನಮ್ಮ ಮನೆಯಿಂದ ಹರಿಹರಕ್ಕೆ ಬೈಕಿನಲ್ಲಿ ಅರ್ಧ ಗಂಟೆ. ಹೋದಾಗಲೆಲ್ಲ ಹರಿಹರೇಶ್ವರನಿಗೆ ಕೈಮುಗಿದು, ಹೊಳೆದಂಡೆಗೆ ಬಂದು ಹಳೇ ಸೇತುವೆ ನೋಡುತ್ತ ನಿಲ್ಲುವುದು ನನ್ನ ರೂಢಿ. ಹದಿನಾಲ್ಕು ಕಮಾನಿನ ಆ ಸೇತುವೆ 1868ರಲ್ಲಿ ಮುಗಿದದ್ದು. ಅದಕ್ಕೆ ಮೂರು ವರ್ಷ ಮುಂಚಿನವರೆಗೂ ಹರಿಹರದಲ್ಲಿ ಬ್ರಿಟಿಷರ ದಂಡು ಇತ್ತು. ಸಿಪಾಯಿಗಳು ಇಲ್ಲಿಯವರು, ಮೇಲಿನ ಅಧಿಕಾರಿಗಳು ಇಂಗ್ಲೆಂಡಿನ ಕಡೆಯವರು. ಕಳೆದ ಸಲ ನಿಂತಾಗ ತಲೆಗೆ ಹೊಕ್ಕ ಪ್ರಶ್ನೆ ಇದು: ಅಷ್ಟು ದೂರದಿಂದ ಬಂದವರು ದೇವರನ್ನು ಎಲ್ಲಿ ನೆನೆದರು? ಹರಿಹರದಲ್ಲಿ ಈಗ ಹೆಸರಾಗಿರುವ ಆರೋಗ್ಯ ಮಾತೆಯ ಚರ್ಚು ಕ್ಯಾಥೊಲಿಕರದು. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳದು ಬಹುಮಟ್ಟಿಗೆ ಆಂಗ್ಲಿಕನ್ ಪಂಥ. ಆ ದಂಡಿನ ಗುರುತು ನನಗೆ ಊರಲ್ಲಿ ಎಲ್ಲೂ ಕಾಣಲಿಲ್ಲ. ಗುರುತು ಉಳಿದಿರುವ ಕಡೆಗೇ ಹೋಗಿ ಬರೋಣವೆಂದು ದಾವಣಗೆರೆಯಿಂದ ಬೆಂಗಳೂರಿನ ರಾತ್ರಿ ರೈಲು ಹತ್ತಿದೆ.

ಮೆಜೆಸ್ಟಿಕ್‌ನಲ್ಲಿ ಇಳಿದು, ಕಾಫಿ ಕುಡಿದು, ಮೆಟ್ರೋದಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣ. ಅಲ್ಲಿಂದ ನಡೆದರೆ ಎಂಜಿ ರಸ್ತೆಯ ತುದಿಯಲ್ಲೇ ಸೇಂಟ್ ಮಾರ್ಕ್ಸ್ ಕ್ಯಾಥೆಡ್ರಲ್. ಹೆಸರು ಕೇಳಿ, ಮಾರ್ಕ್ ಕಬ್ಬನ್ನನ ನೆನಪಿಗೆ ಕಟ್ಟಿದ್ದೆಂದೇ ನಾನು ಬಹಳ ವರ್ಷ ತಿಳಿದಿದ್ದೆ. ಅದು ತಪ್ಪು. ಕಬ್ಬನ್ ಮೈಸೂರಿನ ಕಮಿಷನರ್ ಆದದ್ದು 1834ರಲ್ಲಿ. ಈ ಚರ್ಚಿಗೆ ಅಡಿಗಲ್ಲು ಬಿದ್ದದ್ದು 1808ರಲ್ಲಿ.

ಆ ಇಸವಿಯಲ್ಲೇ ಇದರ ಮಹತ್ವವಿದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟ ಕಂಪನಿಯ ಸೈನ್ಯವನ್ನು ಚಳಿಜ್ವರ ಹಣ್ಣು ಮಾಡಿತು. ಒಳ್ಳೆಯ ಹವೆ ಹುಡುಕಿಕೊಂಡು ಅವರು ಬೆಂಗಳೂರಿಗೆ ಬಂದು, 1809ರ ಹೊತ್ತಿಗೆ ಹಲಸೂರಿನ ಆಸುಪಾಸಿನಲ್ಲಿ ದಂಡು ಕಟ್ಟಿದರು. ಚರ್ಚು ಹುಟ್ಟಿದ್ದೂ ದಂಡಿನ ಜೊತೆಯಲ್ಲೇ. ಪೇಟೆಯೊಂದು, ದಂಡೊಂದು ಎಂದು ಬೆಂಗಳೂರು ಎರಡಾದ ಆ ಮೊದಲ ಗಳಿಗೆಯನ್ನು ಕಣ್ಣೆದುರು ಹಿಡಿದು ತೋರಿಸುವ ಕಟ್ಟಡಗಳು ಈಗ ಬೆರಳೆಣಿಕೆಯವು.

ಬಾಗಿಲಲ್ಲಿ ಅಭ್ಯಾಸಬಲದಿಂದ ಚಪ್ಪಲಿ ಬಿಡಲು ಬಗ್ಗಿದೆ. ಒಳಗೆ ಕಸ ಗುಡಿಸುತ್ತಿದ್ದ ಹೆಂಗಸು "ಇರಲಿ ಬನ್ನಿ ಅಣ್ಣಾ, ಬಿಡೋದೇನೂ ಬೇಡ" ಎಂದರು. ಆದರೂ ಬಿಟ್ಟೇ ಹೋದೆ. ನೆಲ ತಣ್ಣಗಿತ್ತು. ಲಂಡನ್ನಿನ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್ಲಿನ ಮಾದರಿ ಇಟ್ಟುಕೊಂಡು ಕಟ್ಟಿದ್ದು ಎನ್ನುತ್ತಾರೆ. ಮೇಲೆ ಗುಮ್ಮಟ, ಬಲಿಪೀಠದ ಹಿಂದೆ ಅರ್ಧಚಂದ್ರದ ಹಾಗೆ ಬಾಗಿದ ಗೋಡೆ. ಹೊರಗೆ ಎಂಜಿ ರಸ್ತೆಯ ಹಾರನ್ನು. ಇಲ್ಲಿ ಪೊರಕೆಯ ಸದ್ದು ಮಾತ್ರ.

ಕಟ್ಟಡ 1812ಕ್ಕೇ ಮುಗಿದಿತ್ತು. ಪ್ರತಿಷ್ಠೆಯಾದದ್ದು 1816ರಲ್ಲಿ. ಈ ನಾಲ್ಕು ವರ್ಷದ ಕಾಯುವಿಕೆ ನನಗೆ ಬಹಳ ಹಿಡಿಸಿತು. ಆಂಗ್ಲಿಕನ್ ಕ್ರಮದಲ್ಲಿ ಚರ್ಚನ್ನು ಪ್ರತಿಷ್ಠೆ ಮಾಡಲು ಬಿಷಪ್ಪರೇ ಬೇಕು. ಭಾರತಕ್ಕೆ ಆಗ ಆಂಗ್ಲಿಕನ್ ಬಿಷಪ್ಪರೇ ಇರಲಿಲ್ಲ. 1813ರ ಸನ್ನದು ಶಾಸನ ಬಂದು, 1814ರಲ್ಲಿ ಕಲ್ಕತ್ತೆಗೆ ಮೊದಲ ಬಿಷಪ್ ನೇಮಕವಾಗಿ, ಇಡೀ ಭಾರತ ಅವರೊಬ್ಬರ ವ್ಯಾಪ್ತಿಗೆ ಸೇರಿತು. ಆಮೇಲೆ ಈ ಚರ್ಚಿನ ಸರದಿ.

ಕಷ್ಟಗಳನ್ನೂ ಇದು ಕಂಡಿದೆ. 20ನೇ ಶತಮಾನದ ಆರಂಭದಲ್ಲಿ ವಿಸ್ತರಿಸಹೊರಟಾಗ ಕಟ್ಟಡ ಕುಸಿಯತೊಡಗಿತು. ದುರಸ್ತಿಯಾಗಿ 1906ರಲ್ಲಿ ಮತ್ತೆ ಪ್ರತಿಷ್ಠೆ. 1923ರಲ್ಲಿ ಬೆಂಕಿ ಬಿತ್ತು. ಮತ್ತೆ ಎದ್ದು ನಿಂತದ್ದು 1927ರಲ್ಲಿ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿದಾಗ ದಂಡಿನ ಚರ್ಚು ನಮ್ಮ ನಾಡಿನ ಸಭೆಯದಾಯಿತು.

ಗೋಡೆಯ ಸ್ಮಾರಕಫಲಕಗಳ ಮುಂದೆ ನಾನು ಬಹಳ ಹೊತ್ತು ನಿಂತೆ. ಅಮೃತಶಿಲೆಯಲ್ಲಿ ಕೊರೆದ ಹೆಸರು, ಪಲ್ಟನ್ನು, ಸತ್ತ ದಿನ, ವಯಸ್ಸು. ಒಂದೊಂದು ಅಕ್ಷರದ ಕಪ್ಪು ಮಾಸಿ, ಬೆಳಕು ಓರೆಯಾಗಿ ಬಿದ್ದರಷ್ಟೇ ಓದಲು ಬರುತ್ತದೆ. ಮನೆಯವರು ಸುದ್ದಿ ಕೇಳುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತಿದ್ದವು. ಅವರ ಆಳ್ವಿಕೆ ನನಗೆ ಒಪ್ಪಿಗೆಯಲ್ಲ, ಸಾವಿಗೆ ಮಾತ್ರ ಮನಸ್ಸು ಮರುಗಿತು. ಸುಣ್ಣ ಅರೆದು, ಇಟ್ಟಿಗೆ ಹೊತ್ತ ನಮ್ಮ ಗಾರೆಯವರ ಒಂದು ಹೆಸರೂ ಅಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ನನ್ನ ಮಟ್ಟಿಗೆ ಈ ಕಟ್ಟಡವೇ ಅವರ ಫಲಕ. ಅದಕ್ಕಾಗಿಯಾದರೂ ಇದು ಉಳಿಯಬೇಕು.

ಹಿಂದಿರುಗುವ ರೈಲು ಅರಸೀಕೆರೆ ದಾಟುವಾಗಲೂ ಹರಿಹರದ ಯೋಚನೆಯೇ. ಹರಿಹರದವರಲ್ಲಿ ನನ್ನದೊಂದು ಕೋರಿಕೆ: ದಂಡು ಯಾವ ಬಯಲಲ್ಲಿತ್ತು ಎಂದು ಹಿರಿಯರ ಬಾಯಲ್ಲಿ ಏನಾದರೂ ಉಳಿದಿದ್ದರೆ ಬರೆದಿಡಿ. ಆ ಜಾಗದಲ್ಲಿ ಕನ್ನಡದಲ್ಲಿ ಒಂದು ಕಲ್ಲು ನಿಲ್ಲಿಸಿ.