ಅಮ್ಮನ ಕುರ್ಚಿ

ಮಕ್ಕಳ ಹಿತವನ್ನು ಕುರಿತು ಹಿರಿಯರು ಗಂಟೆಗಟ್ಟಲೆ ಚರ್ಚಿಸುತ್ತಾರೆ. ಆ ಚರ್ಚೆಯಲ್ಲಿ ಮಕ್ಕಳಿಗೆ ಮಾತ್ರ ಸ್ಥಾನವಿರುವುದಿಲ್ಲ. ಆದರೆ ಬಾಗಿಲ ಮರೆಯಲ್ಲಿ ನಿಲ್ಲುವುದನ್ನು ಯಾರು ತಾನೆ ತಡೆಯಬಲ್ಲರು? ಮೈಸೂರಿನ ಸರಸ್ವತಿಪುರದ ಒಂದು ಮನೆಯಲ್ಲಿ, ಬೇಸಿಗೆಯ ರಜೆ ಮುಗಿಯುತ್ತ ಬಂದಿದ್ದ ದಿನಗಳಲ್ಲಿ, ಎಂಟು ವರ್ಷದ ಹುಡುಗಿಯೊಬ್ಬಳು ಹೀಗೆ ನಿಂತು ತನ್ನ ಭವಿಷ್ಯವನ್ನು ಕೇಳಿಸಿಕೊಂಡಳು. ಜೂನ್ ತಿಂಗಳಿನಿಂದ ಅವಳು ಶಾಲೆಗೆ ಹೋಗಬೇಕಾಗಿಲ್ಲ. ಮನೆಯಲ್ಲಿಯೇ ಪಾಠ. ಪಾಠ ಹೇಳುವವಳು ಅಮ್ಮ.

ಇದಕ್ಕೆ ಕಾರಣವಿಲ್ಲದಿರಲಿಲ್ಲ. ಹುಡುಗಿಗೆ ಮಾತು ತೊದಲುತ್ತಿತ್ತು. ತರಗತಿಯಲ್ಲಿ ಎದ್ದು ನಿಂತು ಓದುವಾಗ ಮೊದಲ ಅಕ್ಷರವೇ ನಾಲಿಗೆಗೆ ಅಂಟಿಕೊಳ್ಳುತ್ತಿತ್ತು. ಹಿಂದಿನ ಬೆಂಚಿನಿಂದ ನಗೆ ಏಳುತ್ತಿತ್ತು. ಕ್ರಮೇಣ ಅವಳು ಹಾಜರಿ ಕೂಗಿದಾಗಲೂ ಬಾಯಿ ತೆರೆಯದೆ ಕೈಯೆತ್ತುವುದನ್ನು ಅಭ್ಯಾಸ ಮಾಡಿಕೊಂಡಳು. ವರ್ಷದ ಕೊನೆಯಲ್ಲಿ ಇದು ತಾಯಿಗೆ ತಿಳಿದಾಗ ಆಕೆ ಎರಡು ರಾತ್ರಿ ನಿದ್ರಿಸಲಿಲ್ಲ.

"ಕಾಯಿದೆ ಏನು ಹೇಳುತ್ತದೆಯೋ?" ಎಂದು ತಂದೆ ಸಂಶಯಪಟ್ಟರು. ಹುಡುಗಿಯ ಕಲ್ಪನೆಯಲ್ಲಿ ಕಾಯಿದೆಯೆಂದರೆ ಖಾಕಿ ಉಡುಪಿನ, ದಪ್ಪ ಮೀಸೆಯ ಮನುಷ್ಯ. ತಾಯಿ ಎಲ್ಲವನ್ನೂ ವಿಚಾರಿಸಿಕೊಂಡಿದ್ದಳು. 2009ರಲ್ಲಿ ಸಂಸತ್ತು ಅಂಗೀಕರಿಸಿ, 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣವನ್ನು ವಿಧಿಸುತ್ತದೆ. ಮನೆಯ ಪಾಠವನ್ನು ಹೆಸರಿಸಿ ಅದು ಕೂಡದೆಂದೂ ಹೇಳಿಲ್ಲ, ಆಗಬಹುದೆಂದೂ ಹೇಳಿಲ್ಲ. 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ, 14 ವರ್ಷ ತುಂಬಿದ ಮೇಲೆ, ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಗೆ ಕುಳಿತುಕೊಳ್ಳಬಹುದು. ತಂದೆ ಕೊನೆಗೆ ತಲೆಯಾಡಿಸಿದರು. ಬಾಗಿಲ ಮರೆಯಲ್ಲಿದ್ದವಳು ಬೆರಳು ಮಡಿಸಿ ಎಣಿಸಿದಳು. ಇನ್ನು ಆರು ವರ್ಷ ಅಮ್ಮನೇ ಮಿಸ್!

ಸಿದ್ಧತೆ ಆರಂಭವಾಯಿತು. ಅಡಿಗೆಮನೆಯ ಪಕ್ಕದ ಸಣ್ಣ ಕೋಣೆಯಿಂದ ಅಕ್ಕಿಯ ಡಬ್ಬಗಳು ಹೊರಬಂದವು. ಗೋಡೆಗೆ ಕರಿಹಲಗೆ ಬಂದಿತು. ಅದರ ಪಕ್ಕದಲ್ಲಿ ಕೆಂಪು ಮಸಿಯ ಗೆರೆಗಳ ವೇಳಾಪಟ್ಟಿ. ಹುಡುಗಿಗೆ ಒಂದು ಪುಟ್ಟ ಮೇಜು, ತಾಯಿಗೆ ಕೈಯಿರುವ ಮರದ ಕುರ್ಚಿ. ತಾತ ತಮ್ಮ ಪೆಟ್ಟಿಗೆಯ ತಳದಿಂದ ಶಿವರಾಮ ಕಾರಂತರ 'ಬಾಲ ಪ್ರಪಂಚ'ದ ಹಳೆಯ ಸಂಪುಟವೊಂದನ್ನು ತೆಗೆದು, ಧೂಳು ಕೊಡವಿ, ಮೊಮ್ಮಗಳ ಮೇಜಿನ ಮೇಲಿಟ್ಟರು. ಎಲ್ಲರೂ ಸಂತೋಷದಿಂದಿದ್ದರು. ಹುಡುಗಿ ಮಾತ್ರ ಆ ಕುರ್ಚಿಯನ್ನೇ ನೋಡುತ್ತಿದ್ದಳು.

ಒಂದು ಸಂಜೆ ತಾಯಿ ಪರೀಕ್ಷಾರ್ಥವಾಗಿ ಪಾಠಕ್ಕೆ ಕುಳಿತಳು. ಭಾಗಾಕಾರದ ಲೆಕ್ಕ. ಶೇಷ ಎಷ್ಟೆಂಬಲ್ಲಿ ಹುಡುಗಿ ತಡವರಿಸಿದಳು. "ನಿನ್ನೆ ತಾನೆ ಹೇಳಿಕೊಟ್ಟೆನಲ್ಲ?" ಎಂದಿತು ಕುರ್ಚಿಯ ಮೇಲಿನ ಧ್ವನಿ. ಅದು ಅಮ್ಮನ ಧ್ವನಿಯಾಗಿರಲಿಲ್ಲ. ಶಾಲೆಯಲ್ಲಿ ಬೈಸಿಕೊಂಡ ದಿನ ಅವಳು ಮನೆಗೆ ಓಡಿಬಂದು, ಏನನ್ನೂ ಹೇಳದೆ ಅಮ್ಮನ ಸೆರಗಿನಲ್ಲಿ ಮುಖವಿಡುತ್ತಿದ್ದಳು. ಈಗ ಬೈದವಳೇ ಅಮ್ಮ; ಓಡಿ ಬರುವುದಾದರೂ ಎಲ್ಲಿಗೆ?

ಮರುದಿನ ತಾತ ಜಗುಲಿಯಲ್ಲಿ ಕುಳಿತು ಅವಳಿಗೆ ಧೈರ್ಯ ಹೇಳಿದರು. "ನೋಡು ಪುಟ್ಟೀ, 1904ರಲ್ಲಿ ಹುಟ್ಟಿದ ಕುವೆಂಪು ಅವರೂ ಮೊದಲು ಅಕ್ಷರ ಕಲಿತದ್ದು ಮನೆಯಲ್ಲಿಯೇ. ತೀರ್ಥಹಳ್ಳಿಯ ಶಾಲೆಗೆ ಹೋದದ್ದು ಆಮೇಲೆ."

"ಅವರಿಗೆ ಪಾಠ ಹೇಳಿದ್ದು ಅವರ ಅಮ್ಮನಾ, ತಾತಾ?"

"ಇಲ್ಲಮ್ಮ. ದಕ್ಷಿಣ ಕನ್ನಡದಿಂದ ಒಬ್ಬ ಉಪಾಧ್ಯಾಯರನ್ನು ಕರೆಸಿದ್ದರು."

ಹುಡುಗಿ ಸ್ವಲ್ಪ ಹೊತ್ತು ಯೋಚಿಸಿದಳು. ಅನಂತರ, ಅಕ್ಷರ ಅಕ್ಷರವಾಗಿ, "ಹಾ... ಹಾಗಾದರೆ ಅವರಿಗೆ ಅಮ್ಮ ಉಳಿದಿದ್ದರು" ಎಂದಳು.

ಈ ಸಲ ಬಾಗಿಲ ಮರೆಯಲ್ಲಿ ನಿಂತಿದ್ದವಳು ತಾಯಿ. ಆಕೆಯ ಕೈಯಲ್ಲಿದ್ದ ಕಾಫಿಯ ಲೋಟ ಆರಿಹೋಯಿತು. ಮಗಳನ್ನು ನಗೆಯಿಂದ ರಕ್ಷಿಸಬೇಕೆಂದು ಆಕೆ ಎಷ್ಟೆಲ್ಲ ಯೋಚಿಸಿದ್ದಳು. ಆದರೆ ಆ ರಕ್ಷಣೆಗಾಗಿ ಮಗಳು ಏನನ್ನು ಕೊಡಬೇಕಾದೀತೆಂಬುದು ಆಕೆಗೆ ಹೊಳೆದಿರಲಿಲ್ಲ.

ರಾತ್ರಿ ಆಕೆ ಯಾರಿಗೂ ಏನೂ ಹೇಳದೆ ಕುರ್ಚಿಯನ್ನು ಎತ್ತಿ ಹಿತ್ತಲಿನ ವರಾಂಡಕ್ಕೆ ಸಾಗಿಸಿದಳು. ಕೋಣೆಯಲ್ಲಿ ಒಂದು ಚಾಪೆ ಹಾಸಿದಳು. ಲೆಕ್ಕದ ಪಾಠವನ್ನು ಮಾವನವರಿಗೆ ಒಪ್ಪಿಸಿದಳು. ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಂಡು, "ನನಗೆ ಕೋಪ ಬಂದರೆ ಪುಸ್ತಕ ಮುಚ್ಚಿಬಿಡು. ಪುಸ್ತಕ ಮುಚ್ಚಿದ ಮೇಲೆ ನಾನು ಅಮ್ಮ" ಎಂದಳು.

"ತೆರೆದಿದ್ದಾಗ?"

"ತೆರೆದಿದ್ದಾಗಲೂ ಅಮ್ಮನೇ. ಮರೆತರೆ ನೀನು ಜ್ಞಾಪಿಸಬೇಕು."

ಜೂನ್ ತಿಂಗಳ ಮೊದಲ ಸೋಮವಾರ ಶಾಲೆಯ ಬಸ್ಸು ಎಂದಿನಂತೆ ತಿರುವಿನಲ್ಲಿ ಹಾರನ್ ಮಾಡಿತು. ಹುಡುಗಿ ಅಭ್ಯಾಸಬಲದಿಂದ ಗೇಟಿನವರೆಗೆ ಓಡಿದಳು. ಕಿಟಕಿಯಲ್ಲಿ ಅವಳ ಗೆಳತಿ, ಮಧ್ಯಾಹ್ನ ಚಿತ್ರಾನ್ನವನ್ನು ಹಂಚಿಕೊಳ್ಳುತ್ತಿದ್ದವಳು, ಕೈಬೀಸಿದಳು. ಬಸ್ಸು ಹೋದ ಮೇಲೂ ಹುಡುಗಿ ಬಹಳ ಹೊತ್ತು ಅಲ್ಲಿಯೇ ನಿಂತಿದ್ದಳು. ಆ ಗೆಳತಿಯ ಸ್ಥಾನವನ್ನು ತುಂಬುವ ಉಪಾಯ ತಾಯಿಗೂ ತಿಳಿದಿರಲಿಲ್ಲ. ಆಕೆ ಕರೆಯದೆ ಕಾದಳು.

ಕೊನೆಗೆ ಹುಡುಗಿ ಒಳಗೆ ಬಂದು ಚಾಪೆಯ ಮೇಲೆ ಕುಳಿತು ಪುಸ್ತಕ ತೆರೆದಳು. ಮೊದಲ ಅಕ್ಷರ ಅಂದೂ ನಾಲಿಗೆಗೆ ಅಂಟಿಕೊಂಡಿತು. ಗೋಡೆಯ ಗಡಿಯಾರ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಯಾರೂ ನಗಲಿಲ್ಲ, ಬೇಗ ಓದೆಂದು ಯಾರೂ ಹೇಳಲಿಲ್ಲ. ತುಸು ಹೊತ್ತಿನ ಮೇಲೆ ಅಕ್ಷರ ತಾನಾಗಿಯೇ ಬಿಡಿಸಿಕೊಂಡು ಹೊರಬಂದಿತು. ಅದರ ಹಿಂದೆ ಎರಡನೆಯದೂ ಬಂದಿತು.