ಹೆಲ್ಸಿಂಕಿಯ ಚಳಿಗಾಲದಲ್ಲಿ ನಮ್ಮ ಮಗು

ಫಿನ್ಲೆಂಡ್ ದೇಶದ ರಾಜಧಾನಿಯಾದ ಹೆಲ್ಸಿಂಕಿ ನಗರವು ಬಾಲ್ಟಿಕ್ ಸಮುದ್ರದ ಒಂದು ಕೊಲ್ಲಿಯ ದಡದಲ್ಲಿ, ಉತ್ತರ ಅಕ್ಷಾಂಶ 60ರಲ್ಲಿ ಇರುವುದು. ನಮ್ಮ ಮೈಸೂರು 12ನೆಯ ಅಕ್ಷಾಂಶದ್ದು. ಈ ಅಂತರವನ್ನು ಭೂಪಟದ ಮೇಲೆ ಬೆರಳಿಟ್ಟು ತಿಳಿಯುವುದು ಬೇರೆ. ಒಂದೂವರೆ ವರ್ಷದ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ತಿಳಿಯುವುದು ಬೇರೆ. ಡಿಸೆಂಬರ್ ತಿಂಗಳ ಕೊನೆಯಲ್ಲಿ ಇಲ್ಲಿ ಸೂರ್ಯನು ಬೆಳಗ್ಗೆ ಒಂಬತ್ತೂವರೆಯ ಹೊತ್ತಿಗೆ ಮೂಡಿ, ಮಧ್ಯಾಹ್ನ ಮೂರೂಕಾಲಿಗೆ ಮುಳುಗಿಬಿಡುವನು. ಮೈಸೂರಿನಲ್ಲಿ ಅದೇ ದಿನ ಹನ್ನೊಂದು ಗಂಟೆಗೂ ಮಿಕ್ಕ ಹಗಲಿರುವಾಗ ಇಲ್ಲಿಯ ಹಗಲು ಆರು ಗಂಟೆಯೂ ಇಲ್ಲ. ಇಂದು ಕನ್ನಡನಾಡಿನ ಅನೇಕ ಮನೆಗಳಿಂದ ಮಕ್ಕಳು ಮೊಮ್ಮಕ್ಕಳು ಇಂಥ ಶೀತದೇಶಗಳಿಗೆ ಹೊರಟಿರುವುದರಿಂದ, ನಮ್ಮ ಅನುಭವವನ್ನು ವಾಚಕರ ಮುಂದಿಡುವುದು ನಿರರ್ಥಕವಾಗದೆಂದು ನಂಬುತ್ತೇವೆ.

ಉದ್ಯೋಗದ ನಿಮಿತ್ತ ನಾವು 2023ನೆಯ ಇಸವಿ ಡಿಸೆಂಬರಿನ ಮೊದಲಲ್ಲಿ ಈ ನಗರಕ್ಕೆ ಬಂದೆವು. ನಾವೆಂದರೆ ದಂಪತಿಗಳಿಬ್ಬರು ಮತ್ತು ಆಗತಾನೆ ಓಡಲು ಕಲಿತಿದ್ದ ಮಗು. ಚಳಿಗಾಲದಲ್ಲಿ ಇಲ್ಲಿಯ ಗಡಿಯಾರವು ನಮ್ಮ ದೇಶದ ಗಡಿಯಾರಕ್ಕಿಂತ ಮೂರೂವರೆ ಗಂಟೆ ಹಿಂದೆ. ಗಡಿಯಾರದ ಮುಳ್ಳನ್ನು ತಿರುಗಿಸಬಹುದು, ಮಗುವಿನ ಹಸಿವನ್ನು ತಿರುಗಿಸಲಾದೀತೆ? ಮೈಸೂರಿನಲ್ಲಿ ಬೆಳಗ್ಗೆ ಆರೂವರೆಗೆ ಏಳುತ್ತಿದ್ದ ಮಗು ಇಲ್ಲಿ ರಾತ್ರಿ ಮೂರು ಗಂಟೆಗೆ ಎದ್ದು ಕುಳಿತು, “ಆಚೆ, ಆಚೆ” ಎಂದು ಬಾಗಿಲನ್ನು ತೋರಿಸುತ್ತಿತ್ತು. ಸೂರ್ಯೋದಯಕ್ಕೆ ಇನ್ನೂ ಆರು ಗಂಟೆಗಳಿರುತ್ತಿದ್ದುವು.

ಮನೆಯೊಳಗೆ ಮಾತ್ರ ಚಳಿಯೆಂಬುದಿಲ್ಲ. ದೊಡ್ಡ ಶಾಖಾಗಾರಗಳಲ್ಲಿ ಕಾಯಿಸಿದ ನೀರು ನೆಲದೊಳಗಿನ ಕೊಳವೆಗಳಲ್ಲಿ ಬೀದಿಬೀದಿಗೆ ಹರಿಯುವುದು. ಅದರ ಶಾಖದಿಂದ ಕಿಟಕಿಗಳ ಕೆಳಗಿರುವ ಲೋಹದ ಹಲಗೆಗಳು ಹಗಲಿರುಳೂ ಬೆಚ್ಚಗಿರುವುವು. ಊರಿಗೆಲ್ಲ ಒಂದೇ ಒಲೆ ಹೂಡಿದಂತೆ ಈ ಏರ್ಪಾಡು. ಮಗುವು ಒಂದು ತೆಳುವಾದ ಅಂಗಿಯಲ್ಲಿಯೇ ಆಡಿಕೊಂಡಿರುವುದು. ಆದರೆ ತೆಂಗಿನೆಣ್ಣೆಯು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವ ವಸ್ತುವಷ್ಟೆ. ಮನೆಯೊಳಗಿನ 21 ಡಿಗ್ರಿಯಲ್ಲಿ ಅದು ಬೆಣ್ಣೆಯಂತಾಗಿ, ಮಗುವಿಗೆ ಎಣ್ಣೆ ಹಚ್ಚುವ ಮೊದಲು ಶೀಶೆಯನ್ನು ಬಿಸಿನೀರಿನಲ್ಲಿ ಇಡಬೇಕಾಗುವುದು. ಚಾವಣಿಯಲ್ಲಿ ಹೊಗೆಯನ್ನು ಕಂಡೊಡನೆ ಕಿರಿಚುವ ಯಂತ್ರವಿರುವುದರಿಂದ, ಸ್ನಾನವಾದ ಮೇಲೆ ತಲೆಗೆ ಸಾಂಬ್ರಾಣಿ ಹೊಗೆ ಹಿಡಿಯುವ ಪದ್ಧತಿಗೆ ಅವಕಾಶವಿಲ್ಲ. ಪಾದರಕ್ಷೆಯನ್ನು ಬಾಗಿಲಲ್ಲಿಯೇ ಕಳಚಿ ಒಳಗೆ ಬರುವ ಪದ್ಧತಿ ಮಾತ್ರ ಇಲ್ಲಿಯವರಿಗೂ ನಮಗೂ ಒಂದೇ.

ಒಬ್ಬರು ಕೆಲಸಕ್ಕೆ ಹೋದ ಮೇಲೆ ಇನ್ನೊಬ್ಬರಿಗೆ ನಾಲ್ಕು ಗೋಡೆ, ಒಂದು ಮಗು, ಒಂದು ಕತ್ತಲೆ. ಅಜ್ಜಿಯಿಲ್ಲ, ಪಕ್ಕದ ಮನೆಯವರ ಮಾತಿಲ್ಲ, ತರಕಾರಿಯವನ ಕೂಗಿಲ್ಲ. ಊರಿನಿಂದ ಹೊರಡುವಾಗ ಅಜ್ಜಿಯವರು ಕೈಯಾರೆ ಹೊಲಿದ ಕುಲಾವಿಯನ್ನು ಮಗುವಿನ ತಲೆಗೆ ಕಟ್ಟಿ, “ಕೂಸಿನ ಕಿವಿಗೆ ಗಾಳಿ ಬಡಿಯದ ಹಾಗೆ ನೋಡಿಕೊಳ್ಳಿರಪ್ಪ” ಎಂದು ಹೇಳಿದ್ದರು. ಆ ಮಾತು ಕಿವಿಯಲ್ಲಿರುವಾಗ, ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗಿನ ಗಾಳಿಗೆ ಮಗುವನ್ನು ಒಯ್ಯುವುದಾದರೂ ಹೇಗೆ? ಮೂರನೆಯ ವಾರ ಕಳೆಯುವಷ್ಟರಲ್ಲಿ ನಮ್ಮಿಬ್ಬರಲ್ಲಿ ಒಂದು ಗಂಭೀರವಾದ ಆಲೋಚನೆ ನಡೆಯಿತು. ಚಳಿಗಾಲ ಮುಗಿಯುವ ತನಕ ತಾಯಿಯೂ ಮಗುವೂ ಮೈಸೂರಿಗೆ ಹಿಂದಿರುಗುವುದೇ ಮೇಲಲ್ಲವೆ? ಸಂಸಾರವು ಎರಡಾಗಿ ಒಡೆದರೂ ಸರಿ, ಮಗುವು ಬೆಳಕಿನಲ್ಲಿ ಇರಲೆಂಬ ವಿಚಾರವು ಸಣ್ಣದಲ್ಲ. ವಿಮಾನದ ದರವನ್ನೂ ವಿಚಾರಿಸಿದ್ದಾಯಿತು.

ಈ ಸ್ಥಿತಿಯಲ್ಲಿ ಮಗುವನ್ನು ತೂಗಿಸಿ ನೋಡುವ ದಿನ ಬಂದಿತು. ಇಲ್ಲಿ ಪ್ರತಿಯೊಂದು ಬಡಾವಣೆಯ ತಾಯಿಮಕ್ಕಳಿಗೂ ‘ನೆಉವೊಲಾ’ ಎಂಬ ಆರೋಗ್ಯಕೇಂದ್ರವುಂಟು. ಆ ಶಬ್ದಕ್ಕೆ ‘ಸಲಹೆಯ ಸ್ಥಾನ’ವೆಂದು ಅರ್ಥ. ಮೊದಲನೆಯದು ಹೆಲ್ಸಿಂಕಿಯಲ್ಲಿ 1922ರಲ್ಲಿ ಆರಂಭವಾಯಿತು. 1944ರ ಶಾಸನವು ಇಂಥ ಕೇಂದ್ರವನ್ನು ಏರ್ಪಡಿಸುವುದು ಪ್ರತಿಯೊಂದು ಸ್ಥಳೀಯ ಆಡಳಿತದ ಕರ್ತವ್ಯವೆಂದು ವಿಧಿಸಿತು. ಮಗುವಿನ ಎತ್ತರ, ತೂಕ, ತಲೆಯ ಸುತ್ತಳತೆ, ನಡೆ, ನುಡಿ ಎಲ್ಲವನ್ನೂ ದಾದಿಯು ಸಾವಧಾನವಾಗಿ ಪರೀಕ್ಷಿಸುವಳು. ಇದಕ್ಕೆ ಕಾಸು ಕೊಡಬೇಕಾಗಿಲ್ಲ. ಬಿಸಿಲಿಲ್ಲದ ತಿಂಗಳುಗಳಲ್ಲಿ ಎಲುಬು ಬಲವಾಗಲೆಂದು ದಿನಕ್ಕೆ 10 ಮೈಕ್ರೋಗ್ರಾಂ ಡಿ ಜೀವಸತ್ತ್ವದ ಹನಿಗಳನ್ನು ನಮ್ಮ ಮಗುವಿಗೂ ಹೇಳಿದಳು. ಬಳಿಕ ಆಕೆ ಕೇಳಿದ ಪ್ರಶ್ನೆ ಒಂದೇ: “ಮಗುವು ದಿನಕ್ಕೆ ಎಷ್ಟು ಹೊತ್ತು ಹೊರಗಿರುತ್ತದೆ?”

ಆ ಪ್ರಶ್ನೆಯ ಹಿಂದೆ ಒಂದು ಚರಿತ್ರೆಯುಂಟು. ಫಿನ್ಲೆಂಡ್ ಒಂದು ಕಾಲಕ್ಕೆ ಬಡದೇಶ. ಅಲ್ಲಿ ಅನೇಕ ಕೂಸುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದುವು. ಮಕ್ಕಳ ವೈದ್ಯರಾದ ಆರ್ವೊ ಇಲ್ಪ್ಯೊ ಎಂಬವರು (1887–1992) ಹೊಗೆ ತುಂಬಿದ ಇಕ್ಕಟ್ಟಾದ ಮನೆಗಳಲ್ಲಿ ಮಕ್ಕಳನ್ನು ಮುಚ್ಚಿಡದೆ, ಬೆಚ್ಚಗೆ ಹೊದಿಸಿ ಹೊರಗಿನ ಶುದ್ಧವಾದ ಗಾಳಿಯಲ್ಲಿ ಮಲಗಿಸಿರೆಂದು ತಾಯಂದಿರಿಗೆ ಬೋಧಿಸಿದರು. 1938ರಿಂದ ಸರಕಾರವು ಬಡ ಬಸುರಿಯರಿಗೆ ಕೂಸಿನ ಬಟ್ಟೆಬರೆಗಳ ಪೆಟ್ಟಿಗೆಯೊಂದನ್ನು ಕೊಡತೊಡಗಿತು. 1949ರಿಂದ ಅದು ಎಲ್ಲ ತಾಯಂದಿರ ಹಕ್ಕಾಯಿತು. ಬರಿದಾದ ಪೆಟ್ಟಿಗೆಯೇ ಕೂಸಿನ ಮೊದಲ ಹಾಸಿಗೆಯಾಗಬಲ್ಲುದು. ಅದರಲ್ಲಿ ಹಿಮದಲ್ಲಿ ತೊಡಿಸುವ ದಪ್ಪ ನಿಲುವಂಗಿಯೂ ಇರುವುದೆಂಬುದನ್ನು ವಾಚಕರು ಗಮನಿಸಬೇಕು. ಮಗುವು ಹೊರಗೆ ಹೋಗತಕ್ಕದ್ದೆಂದು ದೇಶವೇ ಮೊದಲು ಒಪ್ಪಿಕೊಂಡಿದೆ.

ಹೊರಗೆ ಹೊರಡಿಸುವುದು ಅರ್ಧ ಗಂಟೆಯ ಕೆಲಸ. ಮೈಗೆ ಹತ್ತಿ ಕೂರುವ ತೆಳುವಾದ ಉಣ್ಣೆಯ ಒಳಬಟ್ಟೆ. ಅದರ ಮೇಲೆ ಇನ್ನೊಂದು ಉಣ್ಣೆಯ ಅಂಗಿ, ಚಡ್ಡಿ. ಅದರ ಮೇಲೆ ಕಾಲಿನಿಂದ ಕೊರಳವರೆಗೆ ಒಂದೇ ಆಗಿ ಹೊಲಿದ, ಒಳಗೆ ಪದರ ತುಂಬಿದ, ಗಾಳಿ ನುಗ್ಗದ ಉಡುಪು. ಕೈಗೆ ಹೆಬ್ಬೆರಳೊಂದೇ ಬೇರೆಯಾದ ಚೀಲ, ಕಾಲಿಗೆ ಬೆಚ್ಚನೆಯ ಬೂಟು. ತಲೆಗೆ ಕಿವಿ, ಗಲ್ಲ, ಕೊರಳು ಎಲ್ಲವನ್ನೂ ಮುಚ್ಚಿ ಮುಖವನ್ನು ಮಾತ್ರ ಬಿಡುವ ಟೋಪಿ. ಅದನ್ನು ಮೊದಲ ಸಲ ತೊಡಿಸಿದಾಗ ನಾವಿಬ್ಬರೂ ನಕ್ಕೆವು. ಅದು ಅಜ್ಜಿಯವರ ಕುಲಾವಿಯಲ್ಲದೆ ಮತ್ತೇನೂ ಅಲ್ಲ! ಕಿವಿಗೆ ಗಾಳಿ ಬಡಿಯಬಾರದೆಂಬ ಮಾತು ಮೈಸೂರಿನಲ್ಲಿಯೂ ಸರಿ, ಹೆಲ್ಸಿಂಕಿಯಲ್ಲಿಯೂ ಸರಿ. ನಮ್ಮಲ್ಲಿ ಕಿವಿ ಮುಚ್ಚಿ ಒಳಗೆ ಕೂರಿಸುವರು, ಇಲ್ಲಿ ಕಿವಿ ಮುಚ್ಚಿ ಹೊರಗೆ ಕಳುಹಿಸುವರು, ಭೇದವಿಷ್ಟೆ. ಎದೆಯ ಮೇಲೆ, ತೋಳಿನ ಮೇಲೆ ಬೆಳಕು ಬಿದ್ದಾಗ ಮಿನುಗುವ ಪಟ್ಟಿಯೂ ಇರಬೇಕು. ಕತ್ತಲೆಯಲ್ಲಿ ಗಾಡಿಯವರಿಗೆ ಮಗುವು ಕಾಣಬೇಕಷ್ಟೆ.

ಮಧ್ಯಾಹ್ನದ ನಿದ್ರೆಯನ್ನೂ ಇಲ್ಲಿಯ ಮಕ್ಕಳು ಹೊರಗೆ, ಅಂಗಳದಲ್ಲಿ ಅಥವಾ ಮೊಗಸಾಲೆಯಲ್ಲಿ ನಿಲ್ಲಿಸಿದ ತಳ್ಳುಗಾಡಿಯಲ್ಲಿ ಮಾಡುವುವು. ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗಿನವರೆಗೆ ಇದು ಸಾಧಾರಣ ರೂಢಿ. ಅದಕ್ಕಿಂತ ಇಳಿದರೆ ಒಳಗೆ ಮಲಗಿಸುವರು. 2024ರ ಜನವರಿ 5ರಂದು ದೇಶದ ಉತ್ತರದ ಎನೊಂಟೆಕಿಯೊ ಪ್ರಾಂತದಲ್ಲಿ ಶೀತವು ಶೂನ್ಯಕ್ಕಿಂತ 44 ಡಿಗ್ರಿ ಕೆಳಗಿಳಿಯಿತು. ಹೆಲ್ಸಿಂಕಿಯಲ್ಲಿಯೂ 20ನ್ನು ಮೀರಿತ್ತು. ಆ ವಾರ ಇಲ್ಲಿಯ ತಾಯಂದಿರೂ ಮಕ್ಕಳನ್ನು ಹೊರಗೆ ಹೆಚ್ಚು ಹೊತ್ತು ಬಿಡಲಿಲ್ಲ. ಇವರದು ಸಾಹಸವಲ್ಲ, ಲೆಕ್ಕಾಚಾರ. ಉಷ್ಣಮಾಪಕವನ್ನು ನೋಡಿ, ಮಗುವಿನ ಕೊರಳ ಹಿಂಭಾಗವನ್ನು ಮುಟ್ಟಿ, ಬೆಚ್ಚಗಿದ್ದರೆ ಸರಿಯೆನ್ನುವರು.

ದಾದಿಯ ಮಾತಿನಂತೆ ನಾವು ದಿನಕ್ಕೆ ಎರಡು ಬಾರಿ ಮಗುವನ್ನು ಹೊರಗೆ ಕರೆದೊಯ್ಯತೊಡಗಿದೆವು. ಆ ಚಳಿಗಾಲದಲ್ಲಿ ಮಗುವಿನ ಗಾಡಿಯನ್ನು ತಳ್ಳಿಕೊಂಡು ಬಂದವರಿಗೆ ಟ್ರಾಮಿನಲ್ಲಿ ಟಿಕೆಟ್ಟು ಬೇಕಾಗಿರಲಿಲ್ಲ. ನಗರಸಭೆಯವರು ಅಲ್ಲಲ್ಲಿ ಆಟದ ತೋಪುಗಳನ್ನು ನಡೆಸುತ್ತಿರುವರು. ಅಲ್ಲಿ ಉಯ್ಯಾಲೆ, ಜಾರುಬಂಡೆ, ನೋಡಿಕೊಳ್ಳುವ ಸಿಬ್ಬಂದಿ, ಮೈ ಕಾಯಿಸಿಕೊಳ್ಳಲು ಒಂದು ಮನೆ ಎಲ್ಲವೂ ಉಂಟು. ಇಂಥ ತೋಪುಗಳಲ್ಲಿ ಬೇಸಗೆಯಲ್ಲಿ ಮಕ್ಕಳಿಗೆ ಉಚಿತವಾಗಿ ಊಟವಿಕ್ಕುವ ಸಂಪ್ರದಾಯ 1942ರ ಯುದ್ಧಕಾಲದಿಂದ ಬಂದುದು. ಮನೆಯಲ್ಲಿ ಒಂಟಿಯಾಗಿದ್ದ ತಾಯಿಗೆ ಬೇರೆ ತಾಯಂದಿರ ಮುಖ ಕಂಡದ್ದು ಅಲ್ಲಿಯೇ.

ಈ ಜನರು ಮಿತಭಾಷಿಗಳು. ಮೊದಮೊದಲು ನಮಗೆ ಅದು ಔದಾಸೀನ್ಯವೆಂಬಂತೆ ತೋರುತ್ತಿತ್ತು. ಒಂದು ದಿನ ಮಗುವಿನ ಎಡಗೈಯ ಚೀಲ ದಾರಿಯಲ್ಲಿ ಬಿದ್ದುಹೋಯಿತು. ಮರುದಿನ ಅದೇ ದಾರಿಯಲ್ಲಿ ಬರುವಾಗ ನೋಡುತ್ತೇವೆ, ಬೇಲಿಯ ಗೂಟವೊಂದಕ್ಕೆ ಯಾರೋ ಅದನ್ನು ನೆಟ್ಟಗೆ ತೊಡಿಸಿಟ್ಟಿದ್ದಾರೆ! ಬಿದ್ದ ವಸ್ತುವನ್ನು ಹಿಮದಿಂದ ಎತ್ತಿ, ಕಳೆದುಕೊಂಡವರ ಕಣ್ಣಿಗೆ ಬೀಳುವಂತೆ ಎತ್ತರದಲ್ಲಿಡುವುದು ಇಲ್ಲಿಯ ರೂಢಿಯಂತೆ. ಇಟ್ಟವರಾರೋ ನಮಗೆ ತಿಳಿಯದು. ಮಾತಿಲ್ಲದೆಯೂ ನೆರೆಹೊರೆಯಿರುವುದೆಂದು ನಾವು ತಿಳಿದೆವು. ಮೈಸೂರಿನ ಪ್ರಯಾಣದ ಮಾತು ಆ ಮೇಲೆ ಏಳಲಿಲ್ಲ.

ಊಟದ ವಿಷಯದಲ್ಲಿ ಕಷ್ಟವಾಗಲಿಲ್ಲ. ಊರಿನಿಂದ ತಂದ ರಾಗಿಹಿಟ್ಟು ಮುಗಿದ ಮೇಲೆ ಓಟ್ಸಿನ ಗಂಜಿ ಅದರ ಸ್ಥಾನಕ್ಕೆ ಬಂದಿತು; ಇಲ್ಲಿಯ ಮಕ್ಕಳೂ ಬೆಳಗ್ಗೆ ಗಂಜಿಯನ್ನೇ ಉಣ್ಣುವುವು. ಕಾಗೆಯನ್ನು ತೋರಿಸಿ ತುತ್ತಿಡುವ ಉಪಾಯವೂ ಇಲ್ಲಿ ಸಾಗುವುದು. ಕಪ್ಪು ತಲೆ, ಕಪ್ಪು ರೆಕ್ಕೆ, ಬೂದುಬಣ್ಣದ ಮೈಯುಳ್ಳ ಇಲ್ಲಿಯ ಕಾಗೆ ಚಳಿಗಾಲದಲ್ಲಿಯೂ ಕಿಟಕಿಯ ಬಳಿ ಬರುವುದು. ನಮ್ಮ ವಾರದ ಅಭ್ಯಂಜನಕ್ಕೆ ಸಮಾನವಾಗಿ ಇಲ್ಲಿಯವರಿಗೆ ‘ಸೌನಾ’ ಎಂಬ ಬಿಸಿಯ ಸ್ನಾನವುಂಟು. ಹಿಂದೆ ಹೆರಿಗೆಯೂ ಆ ಬೆಚ್ಚನೆಯ ಶುಚಿಯಾದ ಕೋಣೆಯಲ್ಲಿಯೇ ಆಗುತ್ತಿತ್ತೆಂದು ಕೇಳಿದಾಗ ನಮಗೆ ನಮ್ಮ ಬಾಣಂತಿಯರ ಬಚ್ಚಲುಮನೆ ನೆನಪಾಯಿತು.

ಇನ್ನು ಮಾತಿನ ವಿಷಯ. ಮನೆಯಲ್ಲಿ ನಿಮ್ಮ ಭಾಷೆಯನ್ನೇ ಆಡಿರೆಂದು ದಾದಿಯು ಖಂಡಿತವಾಗಿ ಹೇಳಿದ್ದಳು. ಆದರೆ ಹಿಮವನ್ನು ಮಗುವಿಗೆ ತೋರಿಸಿ ಹೆಸರು ಹೇಳಿಕೊಟ್ಟವರು ತೋಪಿನ ಮಕ್ಕಳು. ಆದ್ದರಿಂದ ಅದಕ್ಕೆ ಹಿಮವು ‘ಲುಮಿ’ ಆಯಿತು. ಒಂದು ಸಂಜೆ ದೂರವಾಣಿಯ ತೆರೆಯಲ್ಲಿ ಅಜ್ಜಿಯನ್ನು ಕಂಡು ಮಗುವು ಕಿಟಕಿಯತ್ತ ಕೈಮಾಡಿ, “ಅಜ್ಜಿ, ಲುಮಿ!” ಎಂದಿತು. ಮೊಮ್ಮಗುವಿನ ಬಾಯಿಂದ ತನಗೆ ತಿಳಿಯದ ಶಬ್ದ ಬಂದುದಕ್ಕೆ ಅಜ್ಜಿಯವರು ಕ್ಷಣಕಾಲ ಸುಮ್ಮನಾದರು. ನಮ್ಮ ಎದೆಯೂ ಹಿಡಿದಂತಾಯಿತು. ಬಳಿಕ ಅವರು, “ಲುಮಿ ಬಿತ್ತೇನೋ ಪುಟ್ಟ? ಅಜ್ಜಿಗೂ ಒಂದು ಹಿಡಿ ಇಡು” ಎಂದರು. ಅಂದಿನಿಂದ ಮೈಸೂರಿನ ಆ ಮನೆಯಲ್ಲಿಯೂ ಅದು ಲುಮಿಯೇ. ಈ ಭಾಷೆಯೂ ಕನ್ನಡದಂತೆ ಶಬ್ದದ ಕೊನೆಗೆ ಪ್ರತ್ಯಯವನ್ನು ಹಚ್ಚುವುದು: ‘ಟಾಲೊ’ ಎಂದರೆ ಮನೆ, ‘ಟಾಲೊಸ್ಸ’ ಎಂದರೆ ಮನೆಯಲ್ಲಿ. ನಮ್ಮ ಮಗುವಿಗೆ ಎರಡೂ ಒಂದೇ ಸಲೀಸು.

ಮಾರ್ಚಿಯ ಕೊನೆಯಲ್ಲಿ ಹಗಲು ರಾತ್ರಿಯನ್ನು ಮೀರಿತು. ಜೂನ್ ಕೊನೆಗೆ ಸುಮಾರು 19 ಗಂಟೆಯ ಹಗಲಾಗಿ, ಮಗುವನ್ನು ಮಲಗಿಸಲು ಕಿಟಕಿಗೆ ಕರಿಯ ಪರದೆ ಹಾಕಬೇಕಾಯಿತು! ಚಳಿಗಾಲದಲ್ಲಿ ಇಂಥ ದೇಶಕ್ಕೆ ಹೊರಡುವ ದಂಪತಿಗಳಿಗೆ ನಾವು ಹೇಳುವುದಿಷ್ಟೆ: ಉಣ್ಣೆಯ ಬಟ್ಟೆಗೆ ಹಣ ಹಿಡಿಯಬೇಡಿರಿ, ಮೊದಲ ವಾರದಲ್ಲಿಯೇ ಆರೋಗ್ಯಕೇಂದ್ರವನ್ನು ಕಂಡುಬನ್ನಿರಿ, ಮನೆಯಲ್ಲಿರುವವರನ್ನು ದಿನವೂ ಹೊರಗೆ ಹೊರಡಿಸಿರಿ, ಏಕೆಂದರೆ ಆ ಕತ್ತಲೆ ಮಗುವಿಗಿಂತ ತಾಯಿಯನ್ನೇ ಹೆಚ್ಚಾಗಿ ಕಾಡುವುದು. ಊರಿನಲ್ಲಿ ಉಳಿಯುವ ಅಜ್ಜಿತಾತಂದಿರಲ್ಲಿಯೂ ಒಂದು ಬಿನ್ನಹ. ಕುಲಾವಿಯನ್ನು ಅವಶ್ಯವಾಗಿ ಹೊಲಿದು ಕಳುಹಿಸಿರಿ. ಮಗುವು ಹಿಮದಲ್ಲಿ ಆಡಿತೆಂದು ಕೇಳಿದರೆ ಮಾತ್ರ ಹೆದರಬೇಡಿರಿ.